ಬಕೆಟ್ ನೀರಿಗೆ ಬಿದ್ದ ಎರಡು ಎಕರೆ

ನಮ್ಮ ಅತ್ತೆ ದಾಕ್ಷಾಯಣಮ್ಮ ಓದಿದ್ದು ನಾಲ್ಕನೇ ಕ್ಲಾಸು. ರಾಮನಾಥಪುರದ ಪಕ್ಕದ ಎರಡೆಕರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಲೇ ಅರವತ್ತು ದಾಟಿದವರು. ನಾನು ಹಾಸನದಿಂದ ಸೊಸೆಯಾಗಿ ಬಂದು ಕೊಣನೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿದ್ದೇ ತಡ, ಬೆಳಗಿನ ಕಾಫಿ ಜೊತೆ ಅವರಿಗೆ ದಿನಕ್ಕೊಂದು ಇಂಗ್ಲಿಷ್ ಪದ ಬೇಕೇ ಬೇಕು. ನನಗೆ ಬಸ್ಸಿಗೆ ಹೊತ್ತಾದರೂ ಬಿಡುವವರಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ.

ಆ ಶನಿವಾರ ‘ಮಿನಸ್ಕ್ಯೂಲ್’ ಹೇಳಿಕೊಟ್ಟೆ. “ತೀರಾ ತೀರಾ ಚಿಕ್ಕದು ಅಂತ ಅರ್ಥ ಅತ್ತೆ. ಸಾಸಿವೆ ಕಾಳಿನ ಹಾಗೆ.”

“ಸಾಸ್ವೆ ಚಿಕ್ಕದಾ? ಥೂ, ಇಸ್ಕೂಲ್ ಮಕ್ಳಿಗೂ ಇಂಗೇನಾ ಏಳ್ಕೊಡೋದು? ನಾಳೆ ತೋರುಸ್ತೀನಿ ತಾಳು,” ಎಂದರು.

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಒಂದು ತಟ್ಟೆ. ಅದರಲ್ಲಿ ಎರಡು ಚಿಟಿಕೆಯಷ್ಟು ಕಂದು ಧೂಳು. ಈ ಮನೆಯಲ್ಲಿ ಒರೆಸೋದಕ್ಕೆ ನಾನೊಬ್ಬಳೇ ಇರೋದು ಎಂದು ಗೊಣಗುತ್ತಾ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿ, ನೀರನ್ನು ಹಿತ್ತಿಲಿಗೆ ಎರಚಿಬಿಟ್ಟೆ.

ಅತ್ತೆ ಬಂದು ಖಾಲಿ ತಟ್ಟೆ ನೋಡಿದರು. “ಬೀಜ ಎಲ್ಲವ್ವಾ?”

ಅಯ್ಯೋ ಶಿವನೇ! ಅದು ನನಗೆ ತೋರಿಸಲೆಂದೇ ಸುರಿದಿಟ್ಟಿದ್ದ ಹೊಗೆಸೊಪ್ಪಿನ ಬೀಜ. ಎರಡೆಕರೆಗೆ ಅಷ್ಟೇ ಸಾಕಂತೆ, ಆ ವರ್ಷಕ್ಕೆ ಇದ್ದದ್ದೂ ಅಷ್ಟೇ. ಮತ್ತೆ ತರಿಸುವಷ್ಟರಲ್ಲಿ ಬಿತ್ತುವ ಕಾಲ ದಾಟಿಹೋಗುತ್ತಿತ್ತು. ನಾನು ಅಲ್ಲೇ ಕುಸಿದು ಗೊಳೋ ಎಂದು ಅಳತೊಡಗಿದೆ.

“ಏಳವ್ವ, ಏಳು. ತಪ್ಪು ಮಿನಸ್ಕ್ಯೂಲು, ಅಳು ನೋಡುದ್ರೆ ಬೆಟ್ಟದಷ್ಟೈತೆ! ಇದನ್ನ ನೀರಿಗೆ ಕಲಸೇ ಬಿತ್ತೋದು ಕಣವ್ವ. ಇಲ್ದಿದ್ರೆ ಗಾಳಿಗೆ ಆರೋಯ್ತದೆ.”

ಬಾಯಲ್ಲಿ ಹಾಗಂದರೂ ಅವರ ಮುಖ ಇಳಿದಿತ್ತು. ನೀರು ಬಿದ್ದಲ್ಲಿನ ಮಣ್ಣನ್ನು ಇಬ್ಬರೂ ಬೊಗಸೆಯಲ್ಲಿ ಬಾಚಿ, ಸಸಿಮಡಿಯ ಮೇಲೆ ಹರಡಿ, ಹುಲ್ಲು ಹೊದಿಸಿದೆವು.

ಹತ್ತು ದಿನ ನನಗೆ ಅನ್ನ ಸೇರಲಿಲ್ಲ. ಮಾವ ಈಶ್ವರಯ್ಯ ಮಡಿಯ ಕಡೆ ಹೆಜ್ಜೆ ಹಾಕಿದರೆ ಸಾಕು, ನಾನು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ. ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ಕೂಗಿದರು. ಓಡಿದೆ. ಬರೀ ಮಣ್ಣು ಕಂಡಿತು.

“ನಿಂತ್ಕಂಡ್ರೆ ಎಲ್ಲಿ ಕಂಡಾತು? ಬಗ್ಗವ್ವ.”

ಕೆನ್ನೆ ನೆಲಕ್ಕೆ ತಾಕುವಷ್ಟು ಬಗ್ಗಿದೆ. ಮಡಿಯುದ್ದಕ್ಕೂ ಹಸಿರು! ಖುಷಿ ತಡೆಯಲಾರದೆ ಮಣ್ಣಿನ ಕೈಯಲ್ಲೇ ಅವರನ್ನು ಅಪ್ಪಿಕೊಂಡೆ. ಆಮೇಲೆ ಭಯ ನೆನಪಾಯಿತು.

“ಮಾವನಿಗೆ ಹೇಳಿದಿರಾ ಅತ್ತೆ?”

“ಅವತ್ತೇ ಏಳಿವ್ನಿ, ಈ ವರ್ಷ ಬೀಜ ಬಿತ್ತಿದ್ದು ಸೊಸೆ ಅಂತ. ಊರ್ತುಂಬಾ ಏಳ್ಕಂಡು ತಿರುಗ್ತಾವ್ರೆ.”