ನೂಕಿ ಸರಿಯುವ ಡಬ್ಬಿ

ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಕೈಮುಗಿಯುವುದು ನಮ್ಮಲ್ಲಿ ರೂಢಿ. ನಾನು ಮಾತ್ರ ಒಮ್ಮೆ ಮೇ ತಿಂಗಳ ಉರಿಬಿಸಿಲಿನಲ್ಲಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮೆಕ್ಯಾನಿಕ್ಕಿನ ಎದುರಿಗೇ ಒಂದು ಕಪ್ಪು ಡಬ್ಬಿಗೆ ಕೈಮುಗಿದಿದ್ದೇನೆ. ಕ್ಯಾಮೆರಾ ರೀಲು ಬರುತ್ತದಲ್ಲ, ಆ ಡಬ್ಬಿಗಿಂತ ತುಸು ಉದ್ದ, ತುಸು ದಪ್ಪ. ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ರಿಲೇ, ತಾನೇ ಹತ್ತಿ ತಾನೇ ಆರುವ ಸ್ವಿಚ್ಚು. ಎರಡಕ್ಕೂ ಸೇರಿ ನಾಲ್ಕಾರು ವೈರು. ಏಸಿಯ ಕಂಪ್ರೆಸರು ಏಳಲಾರದೆ ಒದ್ದಾಡುವಾಗ ಅದನ್ನು ಎಬ್ಬಿಸಿ ನಿಲ್ಲಿಸುವುದು ಇದರ ಉದ್ಯೋಗ. ದೆಹಲಿಯ ಮೆಕ್ಯಾನಿಕ್ಕುಗಳು ಇದನ್ನು ಸುಮ್ಮನೆ ‘ಕಿಟ್’ ಎನ್ನುತ್ತಾರೆ. ಇದರ ಮೇಲೆ ನನಗೇಕೆ ಇಷ್ಟು ಭಕ್ತಿ ಎಂದು ತಿಳಿಯಬೇಕಾದರೆ ಮೊದಲು ನನ್ನ ಜಾಣತನದ ಕಥೆ ಕೇಳಬೇಕು. ತಪ್ಪೆಲ್ಲ ಶುರುವಾದದ್ದು ಅಲ್ಲಿಂದಲೇ.

ತಿಪಟೂರಿನಿಂದ ದೆಹಲಿಗೆ ಬಂದಾಗ ನನ್ನ ಬಳಿ ಇದ್ದದ್ದು ಒಂದು ಟ್ರಂಕು ಮತ್ತು ಶಾರ್ಟ್‌ಹ್ಯಾಂಡಿನ ಸರ್ಟಿಫಿಕೇಟು. ಈಗ ವಸಂತ್ ಕುಂಜಿನಲ್ಲಿ ಎರಡು ಕೋಣೆಯ ಫ್ಲ್ಯಾಟಿದೆ. ನಡುವೆ ನಡೆದದ್ದೆಲ್ಲ ಚೌಕಾಸಿ. ನಾನು ಚೌಕಾಸಿಗೆ ನಿಂತರೆ ನಮ್ಮ ಯಜಮಾನರು ಹತ್ತು ಮಾರು ದೂರ ಹೋಗಿ, ನನ್ನ ಪರಿಚಯವೇ ಇಲ್ಲದವರಂತೆ ಆಕಾಶ ನೋಡುತ್ತಾರೆ. ನೋಡಲಿ. ನಿಮಗೆ ಒಂದು ಗುಟ್ಟು ಹೇಳುತ್ತೇನೆ: ಬೆಲೆ ಕೇಳಿದ ಮೇಲೆ ಹುಬ್ಬೇರಿಸಬೇಡಿ, ವಾದಿಸಬೇಡಿ, ವಸ್ತುವನ್ನು ಮೆತ್ತಗೆ ಕೆಳಗಿಟ್ಟು ಪಕ್ಕದ ಅಂಗಡಿಯ ಕಡೆ ಒಮ್ಮೆ ನೋಡಿ. ಉಳಿದದ್ದನ್ನು ಅಂಗಡಿಯವನೇ ಮಾಡಿಕೊಳ್ಳುತ್ತಾನೆ. ಹೀಗೆಯೇ, ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರ ಮನೆಯಿಂದ ಒಂದು ಹಳೆಯ ವಿಂಡೋ ಏಸಿಯನ್ನು, ಅವರು ಕೊನೆಗೆ ‘ತೊಗೊಂಡು ಹೋಗಿ ತಾಯಿ’ ಎಂದು ಕೈಚೆಲ್ಲುವವರೆಗೆ ಜಗ್ಗಾಡಿ ತಂದಿದ್ದೆ. ಅದು ಬಂದ ಖುಷಿಯಲ್ಲಿ ಹಳೆಯ ಕೂಲರನ್ನು ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟೂಬಿಟ್ಟೆ.

ಏಪ್ರಿಲ್‌ನಲ್ಲಿ ಸರ್ವೀಸಿಗೆ ಬಂದವರು ನಮ್ಮ ಪಕ್ಕದ ಬಡಾವಣೆ ಕಿಶನ್‌ಗಢದ ರಶೀದ್ ಭಾಯಿ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅವರ ಹಿಂದಿಯನ್ನು ಬಹುಮಟ್ಟಿಗೆ ನನ್ನ ಕನ್ನಡದಲ್ಲೇ ಹೇಳುತ್ತೇನೆ. ಜಾಲರಿ ತೊಳೆದು, ಯಂತ್ರ ಚಾಲೂ ಮಾಡಿ, ವೈದ್ಯರು ಎದೆಗೆ ಕಿವಿಗೊಡುವಂತೆ ಕಂಪ್ರೆಸರಿಗೆ ಕಿವಿಗೊಟ್ಟು ಅವರೆಂದರು: “ಮೇಡಂ, ಕಂಪ್ರೆಸರ್ ಬುಢ್ಢಾ ಹೋ ಗಯಾ, ಮುದಿಯಾಯ್ತು. ವೋಲ್ಟೇಜ್ ಬಿದ್ದ ದಿನ ಇದು ಏಳೋದಿಲ್ಲ. ಒಂದು ಕಿಟ್ ಹಾಕಿಸಿಬಿಡಿ.”

“ಈಗ ಏಳ್ತಾ ಇದೆಯಲ್ಲ ಭಾಯಿಸಾಬ್?”

“ಈಗಿನ್ನೂ ಏಪ್ರಿಲ್, ಮೇಡಂ.”

“ನಿಮ್ಮಂಥೋರು ಗಟ್ಟಿಮುಟ್ಟಾಗಿ ಓಡಾಡೋರಿಗೂ ಊರುಗೋಲು ಮಾರ್ತೀರಿ,” ಎಂದೆ. ಅವರು ನಕ್ಕು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಗೆದ್ದೆನೆಂದುಕೊಂಡು ಬಾಗಿಲು ಹಾಕಿದೆ.

ಮೇ ಬಂತು. ಮಗಳು ದೀಪ್ತಿಗೆ ಹೆರಿಗೆಯಾಯಿತು, ಹೆಣ್ಣುಮಗು. ಬಾಣಂತನ ಮಾಡಲು ತಿಪಟೂರಿನಿಂದ ನನ್ನಮ್ಮ ಬಂದಳು. ಎಪ್ಪತ್ತೈದರ ವಯಸ್ಸಿನಲ್ಲಿ ಎರಡು ದಿನ ರೈಲಿನಲ್ಲಿ ಕೂತು, ಚೀಲದ ತುಂಬ ಸಾಂಬ್ರಾಣಿ, ಬಜೆ, ಒಣಶುಂಠಿ ಹೊತ್ತು ತಂದಿದ್ದಳು. ಬಾಣಂತಿಗೆ ಗಾಳಿ ಸೋಕಬಾರದು ಎನ್ನುವುದು ನಮ್ಮೂರ ಮಳೆಗಾಲಕ್ಕೂ ಚಳಿಗೂ ಹೇಳಿ ಮಾಡಿಸಿದ ನಿಯಮ. ಅಮ್ಮ ಅದನ್ನು ಮಡಿಕೆ ಕೆಡದಂತೆ ದೆಹಲಿಯ ಬೇಸಿಗೆಗೆ ತಂದು ಬಿಚ್ಚಿದಳು. ಕಿಟಕಿ ಮುಚ್ಚಿತು, ಪರದೆ ಇಳಿಯಿತು, ಫ್ಯಾನು ಒಂದನೇ ನಂಬರಿಗೆ ಬಂತು. ಮಗಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕೂಸಿಗೆ ಎರಡು ಸುತ್ತು ಬಟ್ಟೆ, ಮೇಲೊಂದು ಉಲ್ಲನ್ ಟೋಪಿ. ಏಸಿಯ ಮೂತಿಗೆ ಹಳೆಯ ಸೀರೆ ಕಟ್ಟಿದ್ದೂ ಆಯಿತು. ಹೊರಗೆ ಲೂ ಎಂಬ ಸುಡುಗಾಳಿ ಬೀಸಿ ರಸ್ತೆಯ ನಾಯಿಗಳು ಕಾರುಗಳ ಅಡಿಗೆ ಸೇರಿದ್ದವು. ಒಳಗೆ ಸಾಂಬ್ರಾಣಿ ಹೊಗೆ.

“ಅಮ್ಮಾ, ಅಜ್ಜಿಗೆ ಹೇಳು ನಾ, ಬಹುತ್ ಗರ್ಮಿ ಹೈ,” ಎಂದಳು ದೀಪ್ತಿ. ದೆಹಲಿಯಲ್ಲೇ ಬೆಳೆದವಳು, ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ.

“ಏನಂತೆ ಅವಳದ್ದು?” ಎಂದಳು ಅಮ್ಮ.

“ತುಂಬಾ ಸೆಕೆಯಂತೆ.”

“ಇವಳನ್ನ ನೋಡು! ನಿನ್ನ ಹೆತ್ತಾಗ ನನಗೇನು ಮಂಜು ಬೀಳ್ತಿತ್ತಾ? ನಲವತ್ತು ದಿನ ಅಂದ್ರೆ ನಲವತ್ತು ದಿನ.”

ಎಂಥ ಅಂಗಡಿಯವನನ್ನೂ ಮಣಿಸಬಲ್ಲ ನಾನು ಫ್ಯಾನನ್ನು ಒಂದನೇ ನಂಬರಿನಲ್ಲೇ ಬಿಟ್ಟೆ. ಅಮ್ಮನ ಜೊತೆ ಚೌಕಾಸಿ ಮಾಡುವುದನ್ನು ನನಗೆ ಯಾವ ಮಾರುಕಟ್ಟೆಯೂ ಕಲಿಸಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಕೂಸಿನ ಮೈ ಕಾದ ಹೆಂಚಿನಂತಿತ್ತು. ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ಆಟೋ ಹತ್ತಿ ಡಾಕ್ಟರ ಬಳಿ ಓಡಿದೆವು. ಅವರು ಪರೀಕ್ಷೆ ಮಾಡಿ, ರಕ್ತ ತೆಗೆಸಿ ನೋಡಿ, ಬೇರೇನೂ ಕಾಣುತ್ತಿಲ್ಲ, ಮಗುವಿಗೆ ಸೆಕೆ ಹತ್ತಿದೆ ಎಂದರು. ಬಟ್ಟೆ ಸಡಿಲಿಸಿ, ಕೋಣೆ ತಂಪು ಮಾಡಿ, ಮತ್ತೆ ಮತ್ತೆ ಹಾಲು ಕೊಡಿ. ಸಂಜೆ ನಾಲ್ಕರೊಳಗೆ ಜ್ವರ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಹಾಲು ಬಿಟ್ಟರೆ, ಕರೆತನ್ನಿ, ಆಸ್ಪತ್ರೆಗೆ ಭರ್ತಿ ಮಾಡಿಕೊಳ್ಳುತ್ತೇವೆ. ಆಟೋದಲ್ಲಿ ಮರಳುವಾಗ ಅಮ್ಮನೇ ತನ್ನ ಕೈಯಾರೆ ಟೋಪಿ ತೆಗೆದಳು, ಬಟ್ಟೆ ಬಿಚ್ಚಿದಳು. “ಕೂಸನ್ನ ಬೇಯಿಸಿಬಿಟ್ಟೆನಲ್ಲೇ,” ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಮನೆಗೆ ಬಂದವಳೇ ಸೀರೆ ಕಿತ್ತು ಏಸಿ ಹಾಕಿದೆ. ಫ್ಯಾನು ತಿರುಗಿತು. ಕಂಪ್ರೆಸರು ‘ಗುಂಯ್’ ಎಂದಿತು, ಹಲ್ಲು ಕಚ್ಚಿಕೊಂಡು ನರಳಿತು, ‘ಟಕ್’ ಎಂದು ಸುಮ್ಮನಾಯಿತು. ಬಂದದ್ದು ಬಿಸಿಗಾಳಿ. ಸ್ಟೆಬಿಲೈಸರಿನಲ್ಲಿ ವೋಲ್ಟೇಜ್ ತೋರಿಸುವ ಮುಳ್ಳು ಎಡಗಡೆ ಮಲಗಿಬಿಟ್ಟಿತ್ತು. ಇಡೀ ಬ್ಲಾಕಿನ ಏಸಿಗಳು ಅದೇ ತಂತಿಯನ್ನು ಹೀರುತ್ತಿದ್ದವು. ಆರಿಸಿ ತಕ್ಷಣ ಮತ್ತೆ ಹಾಕಿದೆ. ಗುಂಯ್, ಟಕ್. ಮತ್ತೆ ಹಾಕಿದೆ. ನೀವು ದಯವಿಟ್ಟು ಹೀಗೆ ಮಾಡಬೇಡಿ. ನಿಂತ ಕಂಪ್ರೆಸರಿನೊಳಗೆ ಗ್ಯಾಸಿನ ಒತ್ತಡ ಒಂದೇ ಕಡೆ ಕಟ್ಟಿಕೊಂಡಿರುತ್ತದೆ. ಅದು ಸಮವಾಗಲು ಮೂರು ನಿಮಿಷವಾದರೂ ಬೇಕು. ಅಷ್ಟು ತಾಳದೆ ಸ್ವಿಚ್ಚು ಒತ್ತಿದರೆ ಮೊದಲೇ ಸೋತದ್ದನ್ನು ಇನ್ನಷ್ಟು ಸುಡುತ್ತೀರಿ. ಇದೆಲ್ಲ ನಾನು ಆಮೇಲೆ ಕಲಿತದ್ದು. ಅವತ್ತು ಎದುರು ಮನೆಯವರು ಬೀಗ ಹಾಕಿ ಮಸ್ಸೂರಿಗೆ ಹೋಗಿದ್ದರು. ಕೂಲರು ಎಂದೋ ಕಬಾಡಿಯವನ ಪಾಲಾಗಿತ್ತು. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು.

ಫೋನು ಮಾಡಿದೆ. “ರಶೀದ್ ಭಾಯಿ, ನಾನು. ಊರುಗೋಲಿನ ಮೇಡಂ.”

ಉತ್ತರಕ್ಕೆ ಕಾಯದೆ ಮುಂದುವರಿಸಿದೆ.

“ಮನೇಲಿ ಒಂಬತ್ತು ದಿನದ ಕೂಸಿದೆ. ಜ್ವರ. ಏಸಿ ಏಳ್ತಿಲ್ಲ.”

“ಸ್ವಿಚ್ ಆಫ್ ಮಾಡಿ. ಮತ್ತೆ ಮುಟ್ಟಬೇಡಿ. ಬಂದೆ, ಆ ರಹಾ ಹೂಂ.”

ಆ ಬಿಸಿಲಿನಲ್ಲಿ ತಲೆಗೆ ಒದ್ದೆ ಗಮ್ಛಾ ಸುತ್ತಿಕೊಂಡು ಸ್ಕೂಟರಿನಲ್ಲಿ ಬಂದರು. ಊರುಗೋಲಿನ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಏಸಿಯನ್ನು ಮುಂದಕ್ಕೆ ಎಳೆದು, ಮುಚ್ಚಳ ಬಿಚ್ಚಿ, ಹಳೆಯ ಕೆಪಾಸಿಟರಿನ ಪಕ್ಕ ಆ ಕಪ್ಪು ಡಬ್ಬಿಯನ್ನೂ ರಿಲೇಯನ್ನೂ ಕೂರಿಸುತ್ತ ಬೆಲೆ ಹೇಳಿದರು. “ಸರಿ,” ಎಂದೆ. ಅವರ ಕೈ ನಿಂತಿತು. ತಿರುಗಿ ನನ್ನ ಮುಖ ನೋಡಿದರು. “ಮೇಡಂ, ತಬಿಯತ್ ಸರಿ ಇದೆ ತಾನೆ?”

ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಸ್ವಿಚ್ಚು ಒತ್ತಿದರು. ‘ಗುಂಯ್’ ಎಂದದ್ದು ಕೇಳಿ ಇನ್ನು ‘ಟಕ್’ ಎನ್ನುತ್ತದೆಂದು ನಾನು ಕಾಯುವಷ್ಟರಲ್ಲಿ, ಆ ದನಿ ಮುರಿದು, ಇಡೀ ಗೋಡೆಯೇ ಒಮ್ಮೆ ಮೈಕೊಡವಿದಂತಾಗಿ, ತುಂಬು ಗಂಟಲಿನ ಒಂದೇ ಶ್ರುತಿ ಹಿಡಿಯಿತು. ಅದರೊಳಗೆಲ್ಲೋ ಕೇಳಿಸಿತೋ ಇಲ್ಲವೋ ಎಂಬಂಥ ‘ಟಿಕ್’.

“ಆಯ್ತು. ಕಿಟ್‌ನ ಕೆಲಸ ಮುಗೀತು,” ಎಂದರು ರಶೀದ್ ಭಾಯಿ.

“ಆಗಲೇ?”

“ಆಗಲೇ. ಅರ್ಧ ಸೆಕೆಂಡು ಕೂಡ ಇಲ್ಲ. ಮುನಿರ್ಕಾದ ಏರಿನಲ್ಲಿ ಜನ ತುಂಬಿದ ಸೈಕಲ್ ರಿಕ್ಷಾ ನಿಂತುಬಿಟ್ಟರೆ ಮೊದಲನೇ ಪೆಡಲ್ ಇಳಿಯೋದಿಲ್ಲ ನೋಡಿ. ಹಿಂದಿನಿಂದ ಯಾರೋ ಒಂದು ಸಲ ನೂಕ್ತಾರೆ. ಚಕ್ರ ತಿರುಗಿದ ಮೇಲೆ ರಿಕ್ಷಾದವನೇ ಎಳ್ಕೊಂಡು ಹೋಗ್ತಾನೆ.”

ತಂಪು ಗಾಳಿ ಮುಖಕ್ಕೆ ತಾಗಿತು. ಆಗಲೇ ನಾನು ಕೈಮುಗಿದದ್ದು.

ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಭಕ್ತಿ ಇಳಿದ ಮರುಗಳಿಗೆಯಲ್ಲೇ ಕೇಳಿದೆ: “ದುಡ್ಡು ಕೊಟ್ಟು ತಂದದ್ದು ಅರ್ಧ ಸೆಕೆಂಡು ದುಡಿದು ಕೂತ್ಕೊಂಡ್ರೆ ಹೇಗೆ ಭಾಯಿಸಾಬ್? ಇಡೀ ದಿನ ನೂಕ್ತಾ ಇರಲಿ. ಇನ್ನೂ ತಂಪಾಗುತ್ತಲ್ಲ?”

ರಶೀದ್ ಭಾಯಿ ಅಂದು ಮೊದಲ ಸಲ ನಕ್ಕರು. “ರಿಲೇ ಅಂಟಿಕೊಂಡು ಕೈ ಬಿಡದೇ ಹೋದ್ರೆ ಕಂಪ್ರೆಸರಿನ ವೈಂಡಿಂಗ್ ಸುಟ್ಟುಹೋಗುತ್ತೆ ಮೇಡಂ. ನೂಕೋದು ಸುಲಭ. ಸರಿಯಾದ ಹೊತ್ತಿಗೆ ಬಿಡೋದಕ್ಕೇ ಈ ರಿಲೇ.”

ಅವರು ಹೋದ ಮೇಲೆ ಕೂಸಿನ ಪಕ್ಕ ಥರ್ಮಾಮೀಟರು ಹಿಡಿದು ಕೂತೆ. ಅಂಥ ಹೊತ್ತಿನಲ್ಲಿ ತಲೆ ಎಲ್ಲೆಲ್ಲಿಗೋ ಓಡುತ್ತದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವಳಿಗೆ ನಿಂತದ್ದನ್ನು ಎಬ್ಬಿಸುವ ಕಷ್ಟ ಗೊತ್ತಿಲ್ಲದೆ ಇಲ್ಲ. ಓಡುತ್ತಿರುವ ಫೈಲು ತನ್ನಷ್ಟಕ್ಕೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಕೂತ ಫೈಲು ಇದೆಯಲ್ಲ, ಅದರ ಮೇಲೆ ಯಾರಾದರೂ ಒಂದು ಕೆಂಪು ಚೀಟಿ ಅಂಟಿಸಬೇಕು. ಫೈಲು ಗಮ್ಯ ಸೇರಿದಾಗ ಚೀಟಿ ಎಲ್ಲಿ ಉದುರಿತೆಂದು ಯಾರೂ ಹುಡುಕುವುದಿಲ್ಲ. ಬೀರು ಸರಿಸುವಾಗಲೂ ಅಷ್ಟೇ: ಮೊದಲ ಇಂಚಿಗೆ ಮೂವರು ಬೇಕು, ಆಮೇಲೆ ಒಬ್ಬಳೇ ಸಾಕು. ಜಗತ್ತಿನಲ್ಲಿ ಚಲಿಸುವುದೆಲ್ಲ ಯಾವುದೋ ಒಂದು ಅರೆಗಳಿಗೆಯ ಋಣದಲ್ಲಿದೆ ಎನ್ನಿಸಿ ಮೈ ಜುಮ್ಮೆಂದಿತು.

ಆಗ ಸರೋಜಮ್ಮ ನೆನಪಾದರು. ನಾನು ಸ್ವಂತ ಬಲದಿಂದ ಮೇಲೆ ಬಂದವಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಈ ಪ್ರಬಂಧದ ಆರಂಭದಲ್ಲೂ ಹೇಳಿದ್ದೇನೆ. ಆದರೆ ಟ್ರಂಕು ಹೊತ್ತು ಬಂದ ಮೊದಲ ವಾರ ನಾನು ಹಿಂದಿ ಬಾರದೆ, ಬಸ್ಸು ತಿಳಿಯದೆ, ವಾಪಸು ಟಿಕೀಟಿಗೆ ಕ್ಯೂ ನಿಂತಿದ್ದೆ. ಆ ಸಾಲಿನಲ್ಲಿ ಹಿಂದೆ ನಿಂತಿದ್ದ, ನನ್ನ ಗೊಣಗಾಟದಿಂದಲೇ ಕನ್ನಡದವಳೆಂದು ಗುರುತು ಹಿಡಿದ ಸರೋಜಮ್ಮ, ನನ್ನನ್ನು ಎಳೆದುಕೊಂಡು ಹೋಗಿ ಲೋಧಿ ಕಾಲೋನಿಯ ತಮ್ಮ ಮನೆಯ ವರಾಂಡದಲ್ಲಿ ಮೂರು ವಾರ ಇಟ್ಟುಕೊಂಡರು. ಹಾಸ್ಟೆಲಿನಲ್ಲಿ ಕೋಣೆ ಸಿಕ್ಕ ದಿನ, “ಇನ್ನು ಪ್ರತಿ ಭಾನುವಾರ ಇಲ್ಲಿಗೆ ಬರಬೇಡ. ನಿನ್ನ ಕಾಲ ಮೇಲೆ ನಿಂತ್ಕೋ,” ಎಂದರು. ಆಗ ನನಗೆ ಬಹಳ ನೋವಾಗಿತ್ತು, ಬೇಸರವಾಗಿ ಕೈಬಿಟ್ಟರೆಂದುಕೊಂಡೆ. ಮರುವರ್ಷ ಅವರಿಗೆ ವರ್ಗವಾಯಿತು. ವಿಳಾಸ ಕೂಡ ಕೇಳಿರಲಿಲ್ಲ. ಅಷ್ಟು ವರ್ಷ ಮನಸ್ಸಿನಲ್ಲಿ ಮುನಿಸಿಟ್ಟುಕೊಂಡಿದ್ದವಳಿಗೆ, ಒಂದು ಡಬ್ಬಿಯ ದೆಸೆಯಿಂದ, ಕಣ್ಣು ತುಂಬಿ ಥರ್ಮಾಮೀಟರಿನ ಗೆರೆ ಕಾಣದಂತಾಯಿತು.

ಗೆರೆ ಇಳಿದಿತ್ತು. ಎರಡು ಗಂಟೆಗೆ ತುಸು, ಮೂರಕ್ಕೆ ಇನ್ನಷ್ಟು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೈ ಪೂರ್ತಿ ತಣ್ಣಗಿತ್ತು. ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಭರ್ತಿ ಬೇಡ, ನಾಳೆ ಬೆಳಿಗ್ಗೆ ತೋರಿಸಿ ಎಂದರು. ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಕೂಸು ಕಿರುಚಿ ಅತ್ತಿತು. ಹಸಿವಿನ, ಗಟ್ಟಿಮುಟ್ಟಾದ ಅಳು. ನಾವಿಬ್ಬರೂ ಒಟ್ಟಿಗೇ ಎದ್ದೆವು. ಅಮ್ಮ ಬಜೆ ತೇಯಲು ಕಲ್ಲು ಹುಡುಕಿದಳು. ನಾನು ದೀಪ್ತಿಗೆ, ಕೂಸಿನ ತಲೆಯನ್ನು ಹೀಗೆ ಹಿಡಿ, ಹಾಗಲ್ಲ, ಬೆನ್ನಿಗೆ ದಿಂಬು ಕೊಟ್ಟುಕೋ ಎಂದು ಶುರುಮಾಡಿದೆ. ದೀಪ್ತಿ ಸ್ಕಾರ್ಫು ತೆಗೆದಳು. ಕಿವಿಯ ಹತ್ತಿಯನ್ನೂ ತೆಗೆದು ಪಕ್ಕಕ್ಕಿಟ್ಟಳು. “ಅಮ್ಮಾ, ಅಜ್ಜಿ, ಪ್ಲೀಸ್. ಆಪ್ ದೋನೋ ಬಾಹರ್ ಬೈಠೋ. ನಾನು ನೋಡ್ಕೋತೀನಿ.”

“ಏನಂತೆ ಅವಳದ್ದು?”

“ನಮ್ಮಿಬ್ಬರನ್ನೂ ಹೊರಗೆ ಕೂತ್ಕೊಳ್ಳಿ ಅಂತಾಳೆ.”

ಅಮ್ಮ ಮೊಮ್ಮಗಳನ್ನು ನೋಡಿದಳು. ಕಲ್ಲನ್ನು ಕೆಳಗಿಟ್ಟಳು. ತಂಪು ಹೊರಗೆ ಹೋಗದಂತೆ ಬಾಗಿಲೆಳೆದುಕೊಂಡು ಇಬ್ಬರೂ ಹಾಲ್‌ಗೆ ಬಂದೆವು. ಅಲ್ಲಿ ಕುಲುಮೆಯ ಕಾವು. ಒಳಗೆ ಅಳು ಏರಿತು. ಅಮ್ಮ ಏಳಹೊರಟಳು, ಸೆರಗು ಹಿಡಿದು ಕೂರಿಸಿದೆ. ನನ್ನನ್ನು ಹಿಡಿದು ಕೂರಿಸಲು ಯಾರೂ ಇರಲಿಲ್ಲವಾದ್ದರಿಂದ ಸೋಫಾದ ಕೈಯನ್ನು ನಾನೇ ಬಿಗಿಯಾಗಿ ಹಿಡಿದುಕೊಂಡೆ. ಅಳು ಇನ್ನೂ ಏರಿತು, ತಡವರಿಸಿತು, ನಿಂತಿತು.

“ಮೊಲೆ ಹಿಡೀತು ಅನ್ಸುತ್ತೆ,” ಎಂದಳು ಅಮ್ಮ, ಪಿಸುದನಿಯಲ್ಲಿ.

ಒಮ್ಮೆ ಇಣುಕಿ ನೋಡಿಬಿಡೋಣವೆಂದು ಇಬ್ಬರಿಗೂ ಆಗುತ್ತಿತ್ತು. ಕೂತೇ ಇದ್ದೆವು. ನಾನು ಜೀವನದಲ್ಲಿ ಕಡಿಮೆ ದುಡಿದವಳಲ್ಲ. ಆದರೆ ಎದ್ದು ಹೋಗದೆ ಕೂತಿರುವುದಕ್ಕೆ ಅಷ್ಟು ಬೆವರು ಹರಿಸಬೇಕಾಗುತ್ತದೆಂದು ಅವತ್ತೇ ಗೊತ್ತಾದದ್ದು.