ಪೂರ್ವಕ್ಕಿರುವ ಸಾಗರ ಯಾವುದು?

ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೀನು ಕೊಯ್ಯುವ ಶೆಡ್ಡಿನೊಳಗೆ ಮಾತ್ರ ಟ್ಯೂಬ್‌ಲೈಟುಗಳು ಉರಿಯುತ್ತಿವೆ. ಉದ್ದನೆಯ ಉಕ್ಕಿನ ಮೇಜಿನ ಮುಂದೆ, ಮೊಣಕಾಲು ಮುಟ್ಟುವ ರಬ್ಬರ್ ಬೂಟು ಹಾಕಿಕೊಂಡು ಲಿಯೋಂಟಿನಾ ಫುರ್ತಾಡೊ ನಿಂತಿದ್ದಾರೆ. ಐಸಿನ ಚೂರುಗಳ ನಡುವಿನಿಂದ ಒಂದು ಹ್ಯಾಡಕ್ ಮೀನನ್ನು ಎಳೆದುಕೊಳ್ಳುತ್ತಾರೆ. ಕಿವಿರಿನ ಹಿಂದೆ ಚಾಕು ಇಳಿಸಿ, ಬೆನ್ನುಮೂಳೆಯ ಗುಂಟ ಬಾಲದವರೆಗೆ ಒಂದೇ ಎಳೆತ. ಮಗುಚಿ ಹಾಕಿ ಇನ್ನೊಂದು ಎಳೆತ. ಬಿಳಿಯ ತುಂಡುಗಳು ಒಂದು ಡಬ್ಬಕ್ಕೆ, ಮುಳ್ಳು ಇನ್ನೊಂದಕ್ಕೆ. ಕೈ ನಿಲ್ಲುವುದಿಲ್ಲ. ಬಾಯಿಯೂ ನಿಲ್ಲುವುದಿಲ್ಲ.

"ಸೆನೆಟರನ್ನ ಎಷ್ಟು ವರ್ಷಕ್ಕೆ ಆರಿಸ್ತಾರೆ?" ಪಕ್ಕದಲ್ಲಿ ಮೀನು ಕೊಯ್ಯುತ್ತಿರುವ ಹೆಂಗಸು ಕೇಳುತ್ತಾರೆ.

"ಆರು."

"ಪೂರ್ವಕ್ಕಿರೋ ಸಾಗರ ಯಾವುದು?"

ಲಿಯೋಂಟಿನಾ ಚಾಕುವಿನ ತುದಿಯಿಂದ ಬಾಗಿಲ ಕಡೆ ತೋರಿಸುತ್ತಾರೆ. "ಅಲ್ಲೇ ಬಿದ್ದಿದೆಯಲ್ಲ, ಹೋಗಿ ನೋಡ್ಕೊಂಡು ಬಾ."

"ಆಫೀಸರು ಕೇಳಿದ್ರೂ ಹಿಂಗೇ ಹೇಳ್ತೀರಾ ಡೋನಾ?"

"ಅಟ್ಲಾಂಟಿಕ್. ಸಾಕಾ?"

ಕೇಳುತ್ತಿರುವವರ ಹೆಸರು ತೋಮಾಸಾ ಎಂದಿಟ್ಟುಕೊಳ್ಳೋಣ. ಈ ವರದಿಯಲ್ಲಿ ನಿಜವಾದ ಹೆಸರು ಬರೆಯಬೇಡಿ ಎಂದು ಅವರು ನನ್ನನ್ನು ಕೇಳಿಕೊಂಡಿದ್ದಾರೆ. ಗ್ವಾಟೆಮಾಲಾದ ಬೆಟ್ಟದೂರಿನವರು. ಅವರು ಸ್ಪ್ಯಾನಿಷ್ ಆಡುತ್ತಾರೆ, ಲಿಯೋಂಟಿನಾ ಪೋರ್ಚುಗೀಸ್. ಒಬ್ಬರ ಮಾತು ಇನ್ನೊಬ್ಬರಿಗೆ ಮುಕ್ಕಾಲು ಪಾಲು ತಿಳಿಯುತ್ತದೆ, ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ಡೋನಾ ಎಂದರೆ ಅಮ್ಮಾವ್ರೇ ಎಂದ ಹಾಗೆ. ಅಮೆರಿಕದ ಪೌರತ್ವಕ್ಕೆ ದೇಶದ ಚರಿತ್ರೆ ಮತ್ತು ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಮೊದಲು ತೋಮಾಸಾ ಹಾಳೆ ನೋಡಿ ಓದುತ್ತಿದ್ದರು. ಈಗ ನೋಡುವುದೇ ಬೇಡ. ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿದೆ. ಆದರೆ ಪರೀಕ್ಷೆ ಅವರದಲ್ಲ. ಈ ದೇಶದಲ್ಲಿ ಇರುವುದಕ್ಕೇ ಅವರ ಬಳಿ ಅನುಮತಿಯಿಲ್ಲ.

"ನನ್ನ ಕೂರಿಸಿದ್ರೆ ಇವತ್ತೇ ಪಾಸಾಗ್ತೀನಿ," ಎಂದು ತೋಮಾಸಾ ನಗುತ್ತಾರೆ. "ಕೂರ್ಸಲ್ಲ, ಅಷ್ಟೇ."

ಲಿಯೋಂಟಿನಾಗೆ ಈಗ ಅರವತ್ನಾಲ್ಕು. ಈ ಊರಿನ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಸಿಗುವ ಮೀನಿನಲ್ಲಿ ಎಷ್ಟೋ ಪಾಲು ಇವರ ಕೈಯಿಂದ ದಾಟಿ ಬಂದದ್ದು. ಮೀನು ಚೆನ್ನಾಗಿ ಬಂದ ದಿನ ಒಂದು ಪಾಳಿಯಲ್ಲಿ ಸಾವಿರ ಪೌಂಡಿಗೂ ಮೇಲೆ ಕೊಯ್ಯುತ್ತಾರೆ. ತಣ್ಣೀರಿನಲ್ಲೇ ಕಳೆದ ಬೆರಳುಗಳು ಈಗ ಪೂರ್ತಿ ನೆಟ್ಟಗಾಗುವುದಿಲ್ಲ. ಮನೆಗೆ ಹೋದ ಮೇಲೆ ಬಿಸಿನೀರಿನ ಬೋಗುಣಿಯಲ್ಲಿ ಕೈಯಿಟ್ಟು ಕೂರುತ್ತಾರೆ. ಬೀಗ ತೆಗೆಯುವ ಮೊದಲೇ ಆ ನೀರು ನೆನಪಾಗುತ್ತದಂತೆ, ಯಾಕೆಂದರೆ ಕಾಯಿಸಿಡುವವರು ಯಾರೂ ಇಲ್ಲ.

ಮೂರಂತಸ್ತಿನ ಮರದ ಮನೆಯ ನಡುವಿನ ಮಹಡಿ ಇವರದು. ಕೇಲ್ ಸೊಪ್ಪಿನ ಸೂಪನ್ನು ಇಂದಿಗೂ ದೊಡ್ಡ ಪಾತ್ರೆಯಲ್ಲೇ ಮಾಡುತ್ತಾರೆ, ಸಣ್ಣದರಲ್ಲಿ ಅಳತೆ ಸಿಕ್ಕುವುದಿಲ್ಲ ಎನ್ನುತ್ತಾರೆ. ಒಮ್ಮೆ ಮಾಡಿದರೆ ವಾರವಿಡೀ ಅದೇ. ಸೂಪು ಕುದಿಯುವವರೆಗೂ ಒಲೆಯ ಮುಂದೆ ನಿಂತು ಉತ್ತರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಕೆಳಗಿನ ಮನೆಯವರು ಒಂದು ಸಲ ಮೇಲೆ ಬಂದು, ಯಾರಾದರೂ ನೆಂಟರು ಬಂದಿದ್ದಾರಾ ಎಂದು ವಿಚಾರಿಸಿದ್ದುಂಟು.

"ಇಲ್ಲಮ್ಮ, ಸುಪ್ರೀಂ ಕೋರ್ಟ್ ಬಂದಿದೆ ಅಂದೆ," ಎನ್ನುತ್ತಾರೆ ಲಿಯೋಂಟಿನಾ. ಹೇಳಿ ನಗುವುದಿಲ್ಲ.

ಪೋರ್ಚುಗಲ್‌ಗೆ ಸೇರಿದ ಅಝೋರ್ಸ್‌ನ ಸಾವ್ ಜೊರ್ಜ್ ದ್ವೀಪದಿಂದ ಗಂಡನ ಜೊತೆ ಬಂದಾಗ ಲಿಯೋಂಟಿನಾಗೆ ಇಪ್ಪತ್ತೆರಡು. ಗಂಡ ಗ್ವಾಲ್ಟೆರ್ ಚಿಪ್ಪುಮೀನು ಹಿಡಿಯುವ ದೋಣಿಗಳಲ್ಲಿ ದುಡಿದವರು. ಮಕ್ಕಳಾಗಲಿಲ್ಲ. ಜೊತೆಯಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಅಮೆರಿಕದ ಪೌರರಾದರು, ಗ್ವಾಲ್ಟೆರ್ ಮಾತ್ರ ಒಪ್ಪಲಿಲ್ಲ. ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗಿಬಿಡೋಣ ಎಂದು ಪ್ರತಿ ಕ್ರಿಸ್‌ಮಸ್‌ಗೂ ಹೇಳುತ್ತಿದ್ದರು. ಪೌರರಾಗುವವರು ಹುಟ್ಟಿದ ದೇಶದ ನಿಷ್ಠೆಯನ್ನು ಬಿಡುತ್ತೇನೆಂದು ಕೈಯೆತ್ತಿ ಪ್ರಮಾಣ ಮಾಡಬೇಕು. ಪೋರ್ಚುಗಲ್ ಇದಕ್ಕಾಗಿ ಯಾರನ್ನೂ ಹೊರಗೆ ಹಾಕುವುದಿಲ್ಲ, ಅದು ಗ್ವಾಲ್ಟೆರ್‌ಗೂ ಗೊತ್ತಿತ್ತು.

"ಪೋರ್ಚುಗಲ್ ನನ್ನ ಬಿಡುತ್ತೋ ಇಲ್ವೋ ಅದಲ್ಲ ಪ್ರಶ್ನೆ, ಬಾಯಲ್ಲಿ ಬಿಟ್ಟೆ ಅಂದ್ಮೇಲೆ ನಾನು ಬಿಟ್ಟ ಹಾಗೇನೇ ಅನ್ನೋರು," ಎಂದು ಲಿಯೋಂಟಿನಾ ಗಂಡನ ಮಾತು ನೆನೆಯುತ್ತಾರೆ. "ಊರಿಗೆ ಹೋಗ್ತೀನಿ ಅಂತಿದ್ದವರು ಇಲ್ಲೇ ಮಲಗಿಬಿಟ್ರು."

ಗ್ವಾಲ್ಟೆರ್ ತೀರಿಕೊಂಡ ಮೇಲೆ ಲಿಯೋಂಟಿನಾ ಊರಿಗೆ ಹೋದರು. ಅಲ್ಲಿ ಅಕ್ಕ ಗರ್ಟ್ರೂಡಿಸ್ ಒಬ್ಬರೇ ಇದ್ದಾರೆ, ಕಣ್ಣು ಮಂಜಾಗುತ್ತ ಬಂದಿದೆ. ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗುವುದನ್ನು, ಹಾಲು ಉಕ್ಕಿದ್ದನ್ನು ವಾಸನೆಯಿಂದ ತಿಳಿಯುವುದನ್ನು ಕಂಡ ಮೇಲೆ ಹೊರಡಲು ಮನಸ್ಸಾಗಲಿಲ್ಲ. ಕೆಲವು ವಾರಕ್ಕೆಂದು ಹೋದವರು ಏಳು ತಿಂಗಳು ಉಳಿದರು. ವಾಪಸು ಬಂದಾಗ ವಿಮಾನ ನಿಲ್ದಾಣದ ಅಧಿಕಾರಿ ಪಕ್ಕಕ್ಕೆ ಕರೆದು, ಇಷ್ಟು ಕಾಲ ಹೊರಗಿದ್ದರೆ ಇಲ್ಲಿನ ವಾಸದ ಹಕ್ಕು ಉಳಿಯುವುದಿಲ್ಲ, ಎಲ್ಲಿರುತ್ತೀರೆಂದು ತೀರ್ಮಾನ ಮಾಡಿಕೊಳ್ಳಿ ಎಂದು ತಿಳಿಹೇಳಿದರು. ಮೆತ್ತಗೆಯೇ ಹೇಳಿದರಂತೆ. ಪೌರರಿಗೆ ಈ ಗಡುವಿಲ್ಲ. ಅವರು ಎಷ್ಟು ಕಾಲ ಬೇಕಾದರೂ ಹೊರಗಿದ್ದು ಬರಬಹುದು. ಅಕ್ಕನ ಹತ್ತಿರ ಹೋಗಿ ಇರಬೇಕೆಂದರೆ ಮೊದಲು ಅಮೆರಿಕದವರಾಗಬೇಕು.

ಅಲ್ಲಿಯೇ ಉಳಿದುಬಿಡಬಹುದಲ್ಲ ಎಂದು ನಾನು ಕೇಳಿದೆ. ವಲಸೆ ಬಂದವರ ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ನಾನು ಹಾಗೆ ಕೇಳಬಾರದಿತ್ತು.

"ಗ್ವಾಲ್ಟೆರ್ ಇಲ್ಲಿದ್ದಾರೆ, ಅಕ್ಕ ಅಲ್ಲಿದ್ದಾಳೆ," ಎಂದು ಚಾಕು ಮಸೆಯುತ್ತ ಲಿಯೋಂಟಿನಾ ಹೇಳಿದರು. "ಹೋಗೋ ದಾರೀನೂ ಬೇಕು, ಬರೋ ದಾರೀನೂ ಬೇಕು. ಇನ್ನೇನೂ ಕೇಳ್ತಿಲ್ಲ ನಾನು."

ಕಳೆದ ಚಳಿಗಾಲದಲ್ಲಿ ಪೌರತ್ವದ ಮೊದಲ ಸಂದರ್ಶನವಾಯಿತು. ಇಷ್ಟು ವಯಸ್ಸಾಗಿ, ಇಷ್ಟು ವರ್ಷ ಇಲ್ಲಿ ಬಾಳಿದವರು ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ಆದ್ದರಿಂದ ಪಕ್ಕದಲ್ಲಿ ಪೋರ್ಚುಗೀಸ್ ದುಭಾಷಿ ಕೂತಿದ್ದರು. ಮೊದಲ ಪ್ರಶ್ನೆಗಳಿಗೆ ಲಿಯೋಂಟಿನಾ ಸಲೀಸಾಗಿ ಹೇಳಿಕೊಂಡು ಹೋದರು. ಆಮೇಲೆ ಅಧಿಕಾರಿ, ಪೌರರಾಗುವಾಗ ನೀವು ಕೊಡುವ ಒಂದು ಮಾತು ಯಾವುದು ಎಂದು ಕೇಳಿದರು. ಉತ್ತರ ಗೊತ್ತಿತ್ತು. ಬೇರೆ ದೇಶದ ನಿಷ್ಠೆ ಬಿಡುತ್ತೇನೆ ಎನ್ನಬೇಕು. ಶೆಡ್ಡಿನಲ್ಲಿ ಮೀನಿನ ನಡುವೆ ಎಷ್ಟೋ ಸಲ ಹೇಳಿದ್ದ ಮಾತೇ ಅದು. ಆದರೆ ದುಭಾಷಿ ಅದನ್ನು ತಮ್ಮೂರಿನ ಉಚ್ಚಾರದಲ್ಲಿ, ಗಂಡಸಿನ ದನಿಯಲ್ಲಿ ಕೇಳಿದಾಗ ಬಾಯಿ ಕಟ್ಟಿತು. ಅಧಿಕಾರಿ ಕಾದರು, ಮತ್ತೊಮ್ಮೆ ಕೇಳಿಸಿದರು. ನಂತರದ ಪ್ರಶ್ನೆಗಳಿಗೂ ಲಿಯೋಂಟಿನಾ ಉತ್ತರ ಕೊಡಲಿಲ್ಲ. ಇನ್ನೊಂದು ಅವಕಾಶವಿದೆ ಎಂದು ಹೇಳಿ ಕಳಿಸಿದರು.

ಅಂದು ಬಸ್ಸಿನಲ್ಲಿ ಒಬ್ಬರೇ ವಾಪಸು ಬಂದರು. ಯಾರಿಗೂ ಫೋನು ಮಾಡಲಿಲ್ಲ. "ಫೇಲಾದೆ ಅನ್ನೋದಕ್ಕೂ ಒಬ್ಬರು ಬೇಕಲ್ಲ," ಎನ್ನುತ್ತಾರೆ.

ಮರುದಿನ ಬೆಳಗ್ಗೆ ಮೇಜಿನ ಪಕ್ಕದಲ್ಲಿ ನಿಂತು ತೋಮಾಸಾಗೆ ಹೇಳಿದರು. ತೋಮಾಸಾ ಸಮಾಧಾನದ ಮಾತೇನೂ ಆಡಲಿಲ್ಲವಂತೆ. ಆ ಪ್ರಶ್ನೆಗೆ ಸರಿಯುತ್ತರ ಒಂದೇ ಅಲ್ಲ, ದೇಶದ ಕಾನೂನು ಪಾಲಿಸುತ್ತೇನೆ ಎಂದರೂ ಆಗುತ್ತದೆ, ಅದನ್ನು ಹೇಳಿ ಎಂದರು. ಅದಾದರೆ ಹೇಳಬಲ್ಲೆ, ಇಷ್ಟು ವರ್ಷವೂ ಪಾಲಿಸಿದ್ದೇನೆ ಎಂದು ಲಿಯೋಂಟಿನಾ ಒಪ್ಪಿದರು. ಆದರೆ ಪಾಸಾದ ಮೇಲೂ ಪ್ರಮಾಣ ಇದ್ದೇ ಇದೆ, ಅದರಲ್ಲಿ ಆರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಊಟದ ಬಿಡುವಿನಲ್ಲಿ, ಮೀನಿನ ಖಾಲಿ ಡಬ್ಬಗಳ ಮೇಲೆ ಕೂತು, ತೋಮಾಸಾ ಇಡೀ ಪ್ರಮಾಣವನ್ನು ಸ್ಪ್ಯಾನಿಷ್‌ನಲ್ಲಿ ಒಂದೊಂದೇ ಪದವಾಗಿ ಓದಿದರು. ಲಿಯೋಂಟಿನಾ ಪ್ರತಿ ಪದಕ್ಕೂ ತಡೆದು ಅರ್ಥ ಕೇಳಿದರು. ಮಾರನೆಯ ದಿನವೂ ಓದಿಸಿದರು. ತೋಮಾಸಾ ರೊಟ್ಟಿ ತಿನ್ನದೆಯೇ ಮೇಜಿಗೆ ಹಿಂತಿರುಗಿದ ದಿನಗಳಿವೆ.

ಯಾಕೆ ಇಷ್ಟು ಶ್ರಮ ಪಡುತ್ತೀರಿ ಎಂದು ತೋಮಾಸಾರನ್ನು ವಿಚಾರಿಸಿದೆ. ಅವರು ಊರು ಬಿಟ್ಟ ಮೇಲೆ ತಾಯಿಯನ್ನು ನೋಡಿಲ್ಲ. ಹೋದರೆ ಬರಲಾಗುವುದಿಲ್ಲ.

"ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಹೋಗಿ ಬರಲಿ," ಎಂದರು. ಅಷ್ಟು ಹೇಳಿ ಗ್ಲೌಸು ಹಾಕಿಕೊಂಡರು.

ಎರಡನೆಯ ಸಂದರ್ಶನದಲ್ಲಿ ಆ ಪ್ರಶ್ನೆ ಬರಲೇ ಇಲ್ಲ. ಲಿಯೋಂಟಿನಾ ಪಾಸಾದರು. ಶೆಡ್ಡಿಗೆ ಮಸ್ಸಾ ಸೊವಾದಾ, ಅಂದರೆ ಮೊಟ್ಟೆ ಹಾಕಿ ಬೇಯಿಸಿದ ತಮ್ಮೂರಿನ ಸಿಹಿ ಬ್ರೆಡ್ಡು, ಮಾಡಿಕೊಂಡು ಬಂದರು. ಮೊದಲ ತುಂಡು ತೋಮಾಸಾಗೆ.

ಪ್ರಮಾಣದ ದಿನ ಬಾಸ್ಟನ್ನಿನ ದೊಡ್ಡ ಸಭಾಂಗಣಕ್ಕೆ ನಾನೂ ಜೊತೆಯಲ್ಲಿ ಹೋಗುತ್ತೇನೆ. ತೋಮಾಸಾ ಬರುವ ಹಾಗಿಲ್ಲ. ಸರ್ಕಾರಿ ಅಧಿಕಾರಿಗಳು ನಿಂತಿರುವ ಬಾಗಿಲನ್ನು ಅವರು ದಾಟುವುದಿಲ್ಲ. ಹಿಂದಿನ ದಿನ ಪಾಳಿ ಮುಗಿದಾಗ ಅವರು ಲಿಯೋಂಟಿನಾರ ಕುಪ್ಪಸದ ಕಾಲರನ್ನು ಸರಿಮಾಡುವಂತೆ ಸುಮ್ಮನೆ ಒಮ್ಮೆ ಮುಟ್ಟಿ, ನಾಳೆ ಗಟ್ಟಿಯಾಗಿ ಹೇಳಿ ಡೋನಾ ಎಂದಿದ್ದರು.

ಲಿಯೋಂಟಿನಾ ಕಪ್ಪು ಉಡುಪಿನಲ್ಲಿದ್ದಾರೆ. ನಿಂಬೆಹೋಳು ತಿಕ್ಕಿ ತಿಕ್ಕಿ ತೊಳೆದರೂ ಕೈಯ ಮೀನಿನ ವಾಸನೆ ಹೋಗಿಲ್ಲವೆಂದು ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಾರೆ. ಸುತ್ತ ಹೂಗುಚ್ಛ ಹಿಡಿದ ಸಂಸಾರಗಳು. ಎಲ್ಲರೂ ಎದ್ದು ನಿಂತು ಬಲಗೈ ಎತ್ತುತ್ತಾರೆ. ಮುಂದಿನಿಂದ ಒಬ್ಬರು ಹೇಳಿಕೊಡುತ್ತಾರೆ, ನೂರಾರು ಜನ ಹಿಂದೆ ಹೇಳುತ್ತಾರೆ. ನಿಷ್ಠೆ ಬಿಡುವ ಮಾತು ಪ್ರಮಾಣದ ಮೊದಲಿಗೇ ಬರುತ್ತದೆ. ಗೋಡೆಯ ಬಳಿ ನಿಂತು ನಾನು ಲಿಯೋಂಟಿನಾರ ತುಟಿಗಳನ್ನೇ ನೋಡುತ್ತಿದ್ದೇನೆ. ತುಟಿ ತಡೆಯುವುದಿಲ್ಲ. ಎತ್ತಿದ ಕೈಯ ಬೆರಳುಗಳು ಮಾತ್ರ ಬಾಗಿಯೇ ಇವೆ, ಅವು ನೆಟ್ಟಗಾಗುವುದಿಲ್ಲ.

ಹೊರಗೆ ಬಂದ ಮೇಲೆ ಕೇಳುತ್ತೇನೆ, ಪೂರ್ತಿ ಹೇಳಿದಿರಾ ಎಂದು.

"ಹೇಳ್ದೆ. ಎಲ್ಲಾ ಹೇಳ್ದೆ," ಎನ್ನುತ್ತಾರೆ. "ದೊರೆಗಳನ್ನ ಬಿಡ್ಬೇಕು, ದೇಶಗಳನ್ನ ಬಿಡ್ಬೇಕು ಅಂತಿದೆ. ಅಕ್ಕನ್ನ ಬಿಡ್ಬೇಕು ಅಂತ ಎಲ್ಲೂ ಇಲ್ಲ. ಮೂರು ಸಲ ಓದಿಸಿ ಕೇಳಿದೀನಿ ನಾನು."

ಮೆಟ್ಟಿಲ ಮೇಲೆ ಸಂಸಾರಗಳು ಫೋಟೋ ತೆಗೆಸಿಕೊಳ್ಳುತ್ತಿವೆ. ಯಾರೋ ಕೊಟ್ಟ ಪುಟ್ಟ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಲಿಯೋಂಟಿನಾ ಒಂದು ಕಂಬದ ಪಕ್ಕ ಸರಿದು ಅಕ್ಕನಿಗೆ ಫೋನು ಹಚ್ಚುತ್ತಾರೆ. ಬಾಗಿದ ಬೆರಳುಗಳಲ್ಲಿ ಫೋನನ್ನು ಕಿವಿಗೆ ಹಿಡಿದುಕೊಂಡಿರುವುದು ಕಷ್ಟ, ಸ್ಪೀಕರಿಗೆ ಹಾಕುತ್ತಾರೆ. ಗರ್ಟ್ರೂಡಿಸ್‌ರ ದನಿ ನನಗೂ ಕೇಳಿಸುತ್ತದೆ.

"ಹಾಗಾದ್ರೆ ನೀನೀಗ ಅಮೆರಿಕದವಳಾ?"

"ಹೂಂ ಅಕ್ಕ."

ಆ ಕಡೆ ಹಿಂದೆ ಎಲ್ಲೋ ಹಸುವೊಂದು ಕೂಗುತ್ತದೆ.

"ಯಾವಾಗ ಬರ್ತೀಯ?"

"ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ."

"ಎಷ್ಟು ದಿನ ಇರ್ತೀಯ?"

ಲಿಯೋಂಟಿನಾ ಫೋನನ್ನು ಬಾಯಿಯ ಹತ್ತಿರ ತಂದುಕೊಳ್ಳುತ್ತಾರೆ.

"ನೀನು ಸಾಕು ಹೋಗೇ ಅನ್ನೋವರೆಗೂ."