ಮಾಮ ಫೋಟೊ ತೆಗೆಯದೆ ಬಿಟ್ಟ ಮನೆ

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊಂಡು ಬರುವಾಗ, ಬಡಗಿಯೊಬ್ಬ ಹಳೆಯ ತೇಗದ ಬಾಗಿಲಿಗೆ ಗರಗಸ ಹಾಕಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಲಿನ ಮನೆಯ ಮಾಮ ನೆನಪಾದರು...

ಮಂಗಳೂರು ಕಡೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಕೋಲ್ಕತ್ತ ಬಿಡಲಿಲ್ಲ. ಬ್ರಿಟಿಷರ ಕಾಲದ ಮರಗೆಲಸದ ಮನೆಗಳ ಹುಚ್ಚು. ಭಾನುವಾರ ಬೆಳಗಾದರೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದರು. ಕಂಬವಿರಲಿ, ಅಡುಗೆಮನೆಯ ಮಸಿ ಹಿಡಿದ ತೊಲೆಯಿರಲಿ, ಅಳತೆ ತಿಳಿಯಲೆಂದು ಪಕ್ಕದಲ್ಲಿ ಟೇಪು ಬಿಚ್ಚಿಟ್ಟೇ ಫೋಟೊ ತೆಗೆಯುವುದು ಅವರ ಪದ್ಧತಿ. ಮಾಮಿಗೆ ರೇಗುತ್ತಿತ್ತು. "ನಮ್ಮನೆ ನಲ್ಲಿ ಸೋರುದು ಮಾತ್ರ ಇವರ ಕಣ್ಣಿಗೆ ಬೀಳುದಿಲ್ಲ."

ಟೇಪು ಹಿಡಿದವನನ್ನು ಜನ ಸರ್ಕಾರದವನೆಂದೇ ತಿಳಿದರು. ಹೆರಿಟೇಜ್ ಪಟ್ಟಿಗೆ ಸೇರಿದರೆ ಮನೆ ಮಾರುವಂತಿಲ್ಲ, ಕೆಡವುವಂತಿಲ್ಲ ಎಂಬ ಹೆದರಿಕೆ. ಮಾಮ ಬಂದುಹೋದ ಮನೆಗಳನ್ನು ಗಡಿಬಿಡಿಯಲ್ಲಿ, ಕೆಡವಿ ಫ್ಲ್ಯಾಟು ಕಟ್ಟುವ ಪ್ರೊಮೋಟರನಿಗೆ ಒಪ್ಪಿಸತೊಡಗಿದರು. ನೀವು ಬರದಿದ್ದರೆ ಇನ್ನಷ್ಟು ವರ್ಷ ಅಲ್ಲೇ ಇರುತ್ತಿದ್ದೆವು ಎಂದು ಒಬ್ಬ ಯಜಮಾನ ನಗುತ್ತಲೇ ಹೇಳಿದನಂತೆ.

ಅವತ್ತು ಮಾಮ ನಮ್ಮ ಮನೆಯಲ್ಲಿ ಕುಸಿದು ಕೂತರು. "ಎಂತ ಮಾಡುದು ಮಾರಾಯ್ತಿ? ಉಳಿಲಿ ಅಂತ ನಾನು ಹೋಗುದು. ನಾನು ಹೋದದ್ದಕ್ಕೇ ಬೀಳ್ತದೆ."

ಕಾಳಿಘಾಟಿನ ಗಲ್ಲಿಯಲ್ಲಿ ಅವರಿಗೆ ಬಲು ಇಷ್ಟವಾದ ಮನೆಯೊಂದಿತ್ತು, ಕಂಬ, ತೊಲೆ, ಮೆಟ್ಟಿಲು ಪೂರಾ ಬರ್ಮಾ ತೇಗದ್ದು. ಅದರ ಫೋಟೊ ಕೊನೆಗೆ ತೆಗೆಯೋಣವೆಂದು ಇಟ್ಟುಕೊಂಡಿದ್ದರು. ಆ ಯಜಮಾನನ ಮಾತು ಕೇಳಿದ ಮೇಲೆ ಅಲ್ಲಿಗೆ ಕ್ಯಾಮೆರಾ ಒಯ್ಯಲೇ ಇಲ್ಲ. ಬರಿಗೈಯಲ್ಲಿ ಹೋಗಿ, ಎದುರಿನ ಚಹಾದಂಗಡಿಯಲ್ಲಿ ಕೂತು ನೋಡಿ ಬರುತ್ತಿದ್ದರು.

ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಆ ಮನೆಯೂ ಬಿತ್ತು. ಸುದ್ದಿ ಹೇಳಿದವಳು ನಾನೇ. "ಹೌದಾ..." ಅಂದರು, ಅಷ್ಟೇ. ಮರುವರ್ಷ ಅವರೂ ಹೋದರು. ಮಾಮಿ ಫೋಟೊಗಳನ್ನೆಲ್ಲ ನನ್ನಲ್ಲಿ ಬಿಟ್ಟು ಊರಿಗೆ ಹೊರಟರು.

ಮೊನ್ನೆ ಆ ಕಾಳಿಘಾಟಿನ ಮನೆಯ ಮಗಳು, ಚಹಾದಂಗಡಿಯವನಿಂದ ಮಾಮನ ವಿಳಾಸ ಪಡೆದು, ನನ್ನನ್ನು ಹುಡುಕಿಕೊಂಡು ಬಂದರು. ಅದೇ ಜಾಗದ ಫ್ಲ್ಯಾಟಿನಲ್ಲಿದ್ದಾರೆ. ತಾಯಿಗೆ ಮರೆವಿನ ಕಾಯಿಲೆ. ದಿನವೂ ಮನೆಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿಯುತ್ತಾರಂತೆ.

"ದೀದಿ, ಕ್ಯಾಮೆರಾದ ಬಾಬು ನಮ್ಮ ಮನೆಯದೂ ತೆಗೆದಿರ್ತಾರಲ್ಲ? ಒಂದೇ ಒಂದು ಕೊಡಿ," ಎಂದು ಹಿಂದಿಯಲ್ಲಿ ಕೇಳಿದರು.

ಇಲ್ಲವೆನ್ನದೆ, ಇದ್ದಬದ್ದದ್ದನ್ನೆಲ್ಲ ಮುಂದೆ ಹರಡಿದೆ. ಅವರು ಒಂದೊಂದೇ ನೋಡಿದರು. ಕೊನೆಗೆ ಬೇರೆ ಯಾರದೋ ಮನೆಯ ಮರದ ಮೆಟ್ಟಿಲಿನ ಫೋಟೊ ಎತ್ತಿಕೊಂಡರು.

"ಇದನ್ನೇ ಕೊಡಿ. ಅಮ್ಮನಿಗೆ ಗೊತ್ತಾಗೋದಿಲ್ಲ."

ಕೊಟ್ಟೆ.